ಟಿಸಿ–ಡಿಸಿ ರಿಪೋರ್ಟಿನಲ್ಲಿ ಅಡಗಿದ್ದ ಲೆಕ್ಕ

ಎದೆನೋವೆಂದು ಆಸ್ಪತ್ರೆಗೆ ಬಂದವರ ರಕ್ತ ತೆಗೆದಾಗ ಎಲ್ಲರ ಕಣ್ಣೂ ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೊಪೋನಿನ್ ಮೇಲೆ. ಅದರ ಜೊತೆಗೇ ಬಂದ, ಬಿಳಿ ರಕ್ತಕಣಗಳ ಎಣಿಕೆಯ ಟಿಸಿ–ಡಿಸಿ ರಿಪೋರ್ಟು ಸದ್ದಿಲ್ಲದೆ ಫೈಲು ಸೇರುತ್ತದೆ. ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ ಇಷ್ಟು, ಲಿಂಫೋಸೈಟ್ ಶೇಕಡಾ ಇಷ್ಟು ಎಂಬ ಎರಡು ಸಾಲುಗಳಿರುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಹೃದಯಾಘಾತವಾದವರು ಮುಂದೆ ಬದುಕುಳಿಯುವ ಸಾಧ್ಯತೆಯ ಸುಳಿವು ಸಿಗುತ್ತದೆ. ಪ್ರೈಮರಿ ಶಾಲೆಯ ಈ ಭಾಗಾಕಾರ ವೈದ್ಯರಿಗೆ ಹೊಳೆಯಲು 21ನೇ ಶತಮಾನ ಬರಬೇಕಾಯಿತು.

ಬಿಡಿ ಸುಳಿವುಗಳು ಮಾತ್ರ ಬಹಳ ಹಿಂದಿನವು. 1939ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಕೆನೆತ್ ಮ್ಯಾಲರಿ, ಪಾಲ್ ಡಡ್ಲಿ ವೈಟ್ ಮತ್ತು ಸಂಗಡಿಗರು ಹೃದಯಾಘಾತದಿಂದ ಸತ್ತ 72 ಮಂದಿಯ ಹೃದಯಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. (ಮುಂದೆ 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಚಿಕಿತ್ಸೆಗೆ ಬಂದದ್ದು ಇದೇ ವೈಟ್.) ಆಘಾತವಾಗಿ ಎಷ್ಟು ದಿನಕ್ಕೆ ಸಾವು ಬಂತು ಎಂಬ ಕ್ರಮದಲ್ಲಿ ಅವನ್ನು ಜೋಡಿಸಿದಾಗ ಗಾಯ ಮಾಯುವ ಕಥೆ ತಾನಾಗಿಯೇ ತೆರೆದುಕೊಂಡಿತು. ರಕ್ತ ಸಿಗದೆ ಸತ್ತ ಸ್ನಾಯುವಿಗೆ ಮೊದಲು ನುಗ್ಗುವುದು ನ್ಯೂಟ್ರೋಫಿಲ್‌ಗಳು. ಸತ್ತದ್ದನ್ನು ತೆರವು ಮಾಡುವುದು ಅವುಗಳ ಕೆಲಸ. ಬೆಂಕಿ ಆರಿಸಲು ಬಂದವರು ಪಕ್ಕದ ಮನೆಯ ಬಾಗಿಲನ್ನೂ ಒಡೆದ ಹಾಗೆ, ಅವು ಸುರಿಸುವ ಕಿಣ್ವಗಳು ಇನ್ನೂ ಜೀವವಿರುವ ಸ್ನಾಯುವಿಗೂ ಏಟು ಕೊಡಬಲ್ಲವು.

ಲಿಂಫೋಸೈಟ್‌ಗಳದು ಇದಕ್ಕೆ ತಿರುಗಾಮುರುಗಾ. ಮೈ ದೊಡ್ಡ ಆಪತ್ತಿಗೆ ಸಿಕ್ಕಾಗ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹರಿಯುತ್ತದೆ, ರಕ್ತದಲ್ಲಿ ಲಿಂಫೋಸೈಟ್ ಇಳಿಯುತ್ತದೆ. ಅಂದರೆ ಒಂದು ಸಂಖ್ಯೆ ಉರಿಯೂತವನ್ನೂ ಇನ್ನೊಂದು ದೇಹಕ್ಕೆ ಬಿದ್ದ ಪೆಟ್ಟನ್ನೂ ಹೇಳುತ್ತದೆ. ಎರಡನ್ನೂ ಒಂದೇ ಭಿನ್ನರಾಶಿಯಲ್ಲಿ ಇಟ್ಟರೆ ಮೇಲಿನದು ಏರುತ್ತದೆ, ಕೆಳಗಿನದು ಇಳಿಯುತ್ತದೆ, ಉತ್ತರ ಬೇಗ ಹಿಗ್ಗುತ್ತದೆ.

ಹಾಗಿದ್ದೂ ತಡವಾದದ್ದಕ್ಕೆ ಎಣಿಕೆಯ ಪಾಡೂ ಒಂದು ಕಾರಣ ಎನಿಸುತ್ತದೆ. ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ, ಲೀಶ್‌ಮನ್ ಬಣ್ಣ ಹಾಕಿ, ನೂರು ಬಿಳಿ ಕಣ ಎಣಿಸುವುದು ಹಳೆಯ ಪದ್ಧತಿ. ನಮ್ಮ ಸಣ್ಣ ಊರುಗಳ ಲ್ಯಾಬುಗಳಲ್ಲಿ ಅದು ಇನ್ನೂ ಪೂರ್ತಿ ಮರೆಯಾಗಿಲ್ಲ. ನೂರೇ ಕಣ ಎಣಿಸಿದರೆ, ನಿಜವಾಗಿ 20 ಇರುವ ಲಿಂಫೋಸೈಟ್ ಒಮ್ಮೆ 14, ಇನ್ನೊಮ್ಮೆ 26 ಎಂದು ಕಾಣುವುದು ಸಹಜ. 70ನ್ನು 20ರಿಂದ ಭಾಗಿಸಿದರೆ ಮೂರೂವರೆ. 76ನ್ನು 14ರಿಂದ ಭಾಗಿಸಿದರೆ ಐದನ್ನೂ ದಾಟುತ್ತದೆ. ಅಂಥ ಅನುಪಾತವನ್ನು ಯಾರು ನಂಬುತ್ತಾರೆ? ರಕ್ತಕಣ ಸಣ್ಣ ರಂಧ್ರ ದಾಟುವಾಗ ವಿದ್ಯುತ್ತಿಗೆ ಆಗುವ ತಡೆಯನ್ನೇ ಎಣಿಸುವ ಉಪಾಯಕ್ಕೆ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ. ಬಿಳಿ ಕಣಗಳನ್ನು ಸಾವಿರಗಟ್ಟಲೆ ಎಣಿಸಿ ಜಾತಿವಾರು ಬೇರ್ಪಡಿಸುವ ಯಂತ್ರಗಳು ಆಮೇಲೆ ಬಂದವು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ನಾಯಕ ಆ ಯಂತ್ರವೇ.

1974ರಲ್ಲಿ ಕ್ಯಾಲಿಫೋರ್ನಿಯಾದ ಗ್ಯಾರಿ ಫ್ರೀಡ್‌ಮನ್ ತಂಡ ಹಳೆಯ ಆರೋಗ್ಯ ತಪಾಸಣೆಯ ದಾಖಲೆಗಳನ್ನು ಕೆದಕಿತು. ಮುಂದೆ ಹೃದಯಾಘಾತಕ್ಕೆ ತುತ್ತಾದವರಲ್ಲಿ ಬಿಳಿ ಕಣಗಳ ಒಟ್ಟು ಸಂಖ್ಯೆ ಮೊದಲೇ ಹೆಚ್ಚಿತ್ತು. ಅನುಪಾತಕ್ಕೆ ಹೆಸರು ತಂದದ್ದು ಮಾತ್ರ ಹೃದ್ರೋಗ ವಿಭಾಗವಲ್ಲ, ಐಸಿಯು. ಸ್ಲೊವಾಕಿಯಾದ ಬ್ರಾತಿಸ್ಲಾವಾದಲ್ಲಿ ರೋಮನ್ ಝಹೊರೆಕ್ 2001ರಲ್ಲಿ ಇದನ್ನು ತೀವ್ರ ಅಸ್ವಸ್ಥರ ಸ್ಥಿತಿ ತಿಳಿಯುವ ಅಗ್ಗದ ಅಳತೆಯೆಂದು ಮುಂದಿಟ್ಟರು. 2005ರಲ್ಲಿ ಅಮೆರಿಕದ ಯೂಟಾ ರಾಜ್ಯದ ಬೆಂಜಮಿನ್ ಹಾರ್ನ್ ತಂಡ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಒಟ್ಟು ಎಣಿಕೆಗಿಂತ ಈ ಅನುಪಾತವೇ ಅಪಾಯವನ್ನು ಚೆನ್ನಾಗಿ ಗುರುತಿಸುತ್ತದೆ ಎಂದು ತೋರಿಸಿತು. ಹೃದಯಾಘಾತವಾದವರಲ್ಲೇ ನೋಡಿದ ಸ್ಪೇನಿನ ವಲೆನ್ಸಿಯಾದ ಅಧ್ಯಯನ 2008ರದು. 2010ರಲ್ಲಿ ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನಿಂದ ಬಂದ ಅಂಕಿಗಳು ಇನ್ನೂ ಖಾರ: ಅನುಪಾತ 4.7 ಮೀರಿದ್ದವರಲ್ಲಿ ನಾಲ್ಕು ವರ್ಷದೊಳಗೆ ನೂರಕ್ಕೆ ಸುಮಾರು 30 ಮಂದಿ ಸತ್ತಿದ್ದರು. ಮೂರಕ್ಕಿಂತ ಕಡಿಮೆ ಇದ್ದವರಲ್ಲಿ ಸತ್ತವರು ಸುಮಾರು ಎಂಟು ಮಂದಿ.

ಆಮೇಲೆ ಪ್ರಬಂಧಗಳ ಸುರಿಮಳೆ. ಪ್ಲೇಟ್‌ಲೆಟ್ ಭಾಗಿಸು ಲಿಂಫೋಸೈಟ್, ಮೊನೊಸೈಟಿನದೊಂದು ಲೆಕ್ಕ, ಒಬ್ಬೊಬ್ಬರದು ಒಂದೊಂದು ಗಡಿರೇಖೆ. ಖರ್ಚಿಲ್ಲದ ಸಂಶೋಧನೆಗೆ ಯಾರು ಬೇಡ ಎಂದಾರು!

ಹೆಚ್ಚು ತೂಕದ ಪ್ರಶ್ನೆ ಬೇರೆಯಿತ್ತು: ಉರಿಯೂತ ತಗ್ಗಿಸಿದರೆ ಹೃದಯ ಉಳಿಯುತ್ತದೆಯೇ? ಪಾಲ್ ರಿಡ್ಕರ್ ಮುಂದಾಳಾಗಿದ್ದ ಕ್ಯಾಂಟೋಸ್ ಪ್ರಯೋಗ 2017ರಲ್ಲಿ ಹತ್ತು ಸಾವಿರ ರೋಗಿಗಳಲ್ಲಿ ಕ್ಯಾನಕಿನುಮ್ಯಾಬ್ ಔಷಧದಿಂದ ಹೃದಯದ ಅವಘಡಗಳು ಸುಮಾರು ಶೇ 15 ಇಳಿದದ್ದನ್ನು ಕಂಡಿತು. ಆ ಔಷಧ ನಮ್ಮ ಅನುಪಾತವನ್ನೂ ಇಳಿಸಿತ್ತು ಎಂದು 2021ರ ವಿಶ್ಲೇಷಣೆ ಹೇಳಿತು. ಅಗ್ಗದ ಕಾಲ್ಚಿಸಿನ್ ಮಾತ್ರೆ 2019ರಲ್ಲಿ ಆಸೆ ಹುಟ್ಟಿಸಿತು. ಆದರೆ ಹೃದಯಾಘಾತವಾದ ಏಳು ಸಾವಿರ ಮಂದಿಯ ಮೇಲೆ ನಡೆದ ಅದರ 2024ರ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ.

ಹೃದ್ರೋಗ ತಜ್ಞರು ಅಪಾಯ ಅಳೆಯಲು ಬಳಸುವ ಗ್ರೇಸ್ ಸ್ಕೋರಿನಲ್ಲಿ ವಯಸ್ಸು, ನಾಡಿ, ಬಿಪಿ, ಕ್ರಿಯಾಟಿನಿನ್ ಇವೆ. ಈ ಅನುಪಾತಕ್ಕೆ ಜಾಗವಿಲ್ಲ. ಸರಿಯೇ. ಸೋಂಕು, ಸ್ಟೀರಾಯ್ಡ್ ಮಾತ್ರೆ, ಕ್ಯಾನ್ಸರ್, ಯಾವುದರಿಂದ ಬೇಕಾದರೂ ಅದು ಏರಬಹುದು. ಆದ್ದರಿಂದ ಮನೆಯ ಹಳೆಯ ರಿಪೋರ್ಟುಗಳನ್ನು ಹರಡಿಕೊಂಡು ಭಾಗಿಸುತ್ತಾ ಕೂತು ಗಾಬರಿಯಾಗಬೇಡಿ. ಎದೆನೋವು ಬಂದರೆ ತಡಮಾಡದೆ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ.