ಕೊಪ್ಪಲಿಗೆ ಬಂದ ಸಮೃದ್ಧಿ ಯಾರ ಪಾಲು?

ಬೆಳಿಗ್ಗೆ ಏಳರ ಹೊತ್ತಿಗೆ ಮೈಸೂರಿನ ಕುಂಬಾರಕೊಪ್ಪಲಿನ ರಸ್ತೆಬದಿಯಲ್ಲಿ ಎರಡು ಬಗೆಯ ಜನ ಕೆಲಸಕ್ಕೆ ಹೊರಟು ನಿಂತಿರುತ್ತಾರೆ. ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು ಕಂಪನಿ ಬಸ್ಸಿಗೆ ಕಾಯುತ್ತಾರೆ. ಸೀರೆಯ ಮೇಲೆ ಹೌಸ್‌ಕೀಪಿಂಗ್ ಕೋಟು ತೊಟ್ಟ ಹೆಂಗಸರು ಊಟದ ಡಬ್ಬಿ ಹಿಡಿದು ಆಟೊಗೆ ಕಾಯುತ್ತಾರೆ. ಎರಡೂ ಗುಂಪು ಹೋಗುವುದು ಹೆಬ್ಬಾಳ, ಮೇಟಗಳ್ಳಿಯ ಕಡೆಗೇ. ತಿಂಗಳ ಕೊನೆಗೆ ಕೈಸೇರುವ ಹಣದಲ್ಲಿ ಮಾತ್ರ ಅಜಗಜಾಂತರ.

ಈ ಅಂತರ ಮೊದಲು ಇಷ್ಟಿರಲಿಲ್ಲ. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟರ್‌ಸೈಕಲ್‌ಗಳು ಹೊರಬರತೊಡಗಿದವು. ಮುಂದೆ ಮೇಟಗಳ್ಳಿಯಲ್ಲಿ ವಿಕ್ರಾಂತ್ ಟೈರ್ಸ್ ತಲೆಯೆತ್ತಿತು. ಐಟಿಐ ಮುಗಿಸಿದ ಹುಡುಗನಿಗೆ ಅಲ್ಲಿ ‘ಪರ್ಮನೆಂಟು’ ಆದರೆ ಪಿ.ಎಫ್., ಬೋನಸ್ಸು, ಇ.ಎಸ್.ಐ. ಎಲ್ಲವೂ ಸಿಗುತ್ತಿತ್ತು. ಸಾಲ ಮಾಡಿಯಾದರೂ ಒಂದು ಮನೆ ಕಟ್ಟಿಸುವ ಧೈರ್ಯ ಬರುತ್ತಿತ್ತು. 1996ರಲ್ಲಿ ಜಾವಾ ಬಾಗಿಲು ಹಾಕಿತು. ಮರುವರ್ಷ ವಿಕ್ರಾಂತ್ ಜೆ.ಕೆ. ಟೈರ್ ತೆಕ್ಕೆಗೆ ಹೋಯಿತು.

ಅಷ್ಟರಲ್ಲಿ ಇನ್ನೊಂದು ಯುಗ ಶುರುವಾಗಿತ್ತು. ಹೆಬ್ಬಾಳದಲ್ಲಿ ಇನ್ಫೊಸಿಸ್ ಮುನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ನೆಲೆಯೂರಿತು. 2005ರಲ್ಲಿ ಅದರ ತರಬೇತಿ ಕೇಂದ್ರ ಆರಂಭವಾಯಿತು, 2009ರಲ್ಲಿ ಎರಡನೆಯದು ಸೇರಿಕೊಂಡಿತು. ಪಕ್ಕದ ಗೋಕುಲಂಗೆ ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಅಮೆರಿಕ, ಯುರೋಪಿನ ಜನ ಬಂದರು. ಡಾಲರಿನ ಎರಡು ಕಾಲುವೆಗಳು ಕೊಪ್ಪಲಿನ ಆಚೆ ಈಚೆ ಹರಿದವು. ಬಾಡಿಗೆ ಏರಿತು, ಸೈಟಿನ ಬೆಲೆ ಗಗನಕ್ಕೆ ಹೋಯಿತು.

ಈ ಹಣವನ್ನು ಹಿಡಿದಿಟ್ಟುಕೊಂಡವರು ಭೂಮಿಯ ಪತ್ರ ಇದ್ದವರು. ಆ ಪತ್ರ ಹಲವು ಗೇಣಿದಾರರಿಗೆ ದಕ್ಕಿದ್ದೇ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಿಂದ. ಭೂ ನ್ಯಾಯಮಂಡಳಿಗೆ ಡಿಕ್ಲರೇಷನ್ ಹಾಕಿ ಉಳುವ ನೆಲಕ್ಕೆ ಒಡೆಯರಾದವರ ಮಕ್ಕಳು, ನಗರ ಹೊಲದ ಬದುವಿಗೆ ಬಂದಾಗ ಬರಿಗೈಯಲ್ಲಿ ಇರಲಿಲ್ಲ. ಮೂರಂತಸ್ತು ಎಬ್ಬಿಸಿ, ಕೆಳಗೆ ಅಂಗಡಿ, ಮೇಲೆ ಪಿ.ಜಿ. ನಡೆಸಿ, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದರು. ಇದು ಸಣ್ಣ ಸಾಧನೆಯಲ್ಲ.

ಕೂಲಿಯವರಿಗೆ ಗೇಣಿಯೂ ಇರಲಿಲ್ಲ, ಪತ್ರವೂ ಸಿಗಲಿಲ್ಲ. ಅಂಥ ಮನೆಯ ಹೆಂಗಸು ಇಂದು ಕಂಪನಿಯ ನೆಲ ಒರೆಸಿದರೂ ಕಂಪನಿಯ ನೌಕರಳಲ್ಲ, ಗುತ್ತಿಗೆದಾರನ ಆಳು. ಗುತ್ತಿಗೆದಾರ ಬದಲಾದರೆ ಸರ್ವಿಸ್ಸು ಮತ್ತೆ ಸೊನ್ನೆಯಿಂದ. ವರ್ಷವಿಡೀ ನಡೆಯುವ ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ನಿಷೇಧಿಸುವ ಅಧಿಕಾರವನ್ನು 1970ರ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತ್ತು. ಆದರೂ ಗುತ್ತಿಗೆ ಬೆಳೆಯುತ್ತಲೇ ಹೋಯಿತು. ಆಕೆಯ ಮನೆಯ ಲೆಕ್ಕವೂ ಹಾಗೆಯೇ. ಒಡವೆ ಅಡವಿಟ್ಟು ಎರಡು ಕೋಣೆ ಭೋಗ್ಯಕ್ಕೆ ಹಾಕಿಕೊಂಡರೆ, ಅವಧಿ ಮುಗಿದಾಗ ಅಷ್ಟೇ ಹಣ ವಾಪಸು ಬರುತ್ತದೆ. ಅಷ್ಟರಲ್ಲಿ ಅದೇ ಬೀದಿಯ ಭೋಗ್ಯದ ಮೊತ್ತ ಕೈಗೆಟುಕದಷ್ಟು ಏರಿರುತ್ತದೆ. ಅವಳು ಇನ್ನೂ ದೂರದ ಬಡಾವಣೆಗೆ ಸರಿಯಬೇಕು, ಆಟೊ ಖರ್ಚು ಹೆಚ್ಚಿಸಿಕೊಳ್ಳಬೇಕು.

ಅಮೆರಿಕವೂ ಈ ದಾರಿಯಲ್ಲಿ ನಡೆದಿದೆ. 1920ರ ದಶಕದಲ್ಲಿ ಅಲ್ಲಿ ಕಾರು, ರೇಡಿಯೊ, ಷೇರುಗಳ ಸುಗ್ಗಿ. ಅದೇ ಹೊತ್ತಿಗೆ ಬೆಳೆಯ ಬೆಲೆ ಕುಸಿದು ರೈತರು ಸಾಲದಲ್ಲಿ ಮುಳುಗಿದ್ದರು. 1928ರಲ್ಲಿ ದೇಶದ ಆದಾಯದ ಸುಮಾರು ಕಾಲು ಭಾಗ ನೂರಕ್ಕೆ ಒಬ್ಬರ ಪಾಲಾಗಿತ್ತು. ಮರುವರ್ಷ ಷೇರುಪೇಟೆ ಕುಸಿಯಿತು. ಕಾರ್ಮಿಕ ಸಂಘಟನೆಯ ಹಕ್ಕು, ವೃದ್ಧಾಪ್ಯ ಪಿಂಚಣಿ 1935ರಲ್ಲಿ, ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವೇತನ 1938ರಲ್ಲಿ ಕಾನೂನಾದವು. ಸಮೃದ್ಧಿ ತಾನಾಗಿ ಕೆಳಗಿಳಿಯಲಿಲ್ಲ. ಕಾನೂನು ಅದನ್ನು ಇಳಿಸಬೇಕಾಯಿತು. ನಮ್ಮ 1974 ಹೇಳುವುದೂ ಅದನ್ನೇ.

ಕಾರ್ಖಾನೆ, ಕಂಪನಿಗಳು ಮೈಸೂರಿಗೆ ಇನ್ನೂ ಬರಲಿ. ಅವುಗಳಿಗೆ ಸರ್ಕಾರ ಜಮೀನು ಕೊಡುವಾಗಲೇ ಅಲ್ಲಿ ಗುಡಿಸುವ, ಕಾವಲು ಕಾಯುವ, ಅಡುಗೆ ಮಾಡುವವರಿಗೆ ಕಾಯಂ ಕೆಲಸ ಮತ್ತು ಹತ್ತಿರದಲ್ಲೇ ಕಡಿಮೆ ಬಾಡಿಗೆಯ ಮನೆ ಎಂಬ ಷರತ್ತು ಹಾಕಲಿ. ಓದುಗರಾದ ನಾವೂ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಕಚೇರಿ, ಅಪಾರ್ಟ್‌ಮೆಂಟ್ ಗುಡಿಸುವವರ ಪಿ.ಎಫ್. ಕಟ್ಟುತ್ತಿದ್ದಾರೆಯೇ, ಕಾಯಿಲೆ ಬಿದ್ದರೆ ಕೆ.ಆರ್.ಎಸ್. ರಸ್ತೆಯ ಇ.ಎಸ್.ಐ. ಆಸ್ಪತ್ರೆಗೆ ಹೋಗಲು ಅವರ ಬಳಿ ಕಾರ್ಡು ಇದೆಯೇ ಎಂದು ಗುತ್ತಿಗೆದಾರನನ್ನು ಈ ವಾರವೇ ಕೇಳಿ. ಇಲ್ಲವೆಂದರೆ, ಕೊಡಿಸುವವರೆಗೆ ಬಿಡಬೇಡಿ.