ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಫೋಟೊ ಚೆನ್ನಾಗಿ ಬರುತ್ತದೆಯೇ? ಫೋಟೊಗ್ರಫಿ ಕಲಿಯುವವರು ಮೊದಲು ತಿಳಿಯಬೇಕಾದದ್ದು

“ಈ ಫೋನಿನಲ್ಲಿ 108 ಮೆಗಾಪಿಕ್ಸೆಲ್ ಇದೆ, ದೊಡ್ಡ ಕ್ಯಾಮೆರಾ ಬೇಕಾಗಿಯೇ ಇಲ್ಲ” ಎಂಬ ಮಾತನ್ನು ಮೊಬೈಲ್ ಅಂಗಡಿಯಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ನೀವೂ ಕೇಳಿರುತ್ತೀರಿ. ಫೋಟೊ ತೆಗೆಯುವುದನ್ನು ಕಲಿಯಬೇಕು ಅಂದುಕೊಂಡವರು ಮೊದಲು ಕೇಳುವುದೂ “ಎಷ್ಟು ಮೆಗಾಪಿಕ್ಸೆಲ್‌ದು ತಗೊಳ್ಳಲಿ?” ಎಂದೇ. ಇರುವ ಫೋನ್ ಸರಿಯಾಗಿಯೇ ಇದ್ದರೂ ಕಂತಿನಲ್ಲಿ ಹೊಸದನ್ನು ಕೊಂಡು, ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಮಗುವಿನ ಫೋಟೊ ತೆಗೆದು, “ಇದರಲ್ಲೂ ಮಬ್ಬಾಗೇ ಬಂತಲ್ಲ” ಎಂದು ಪೇಚಾಡುವವರಿದ್ದಾರೆ.

ಹಾಗಾದರೆ ಈ ಮೆಗಾಪಿಕ್ಸೆಲ್ ಲೆಕ್ಕ ಸುಳ್ಳೇ? ಪೂರ್ತಿ ಸುಳ್ಳಲ್ಲ. ಆದರೆ ಫೋಟೊ ಚೆನ್ನಾಗಿ ಬರಲು ಮುಖ್ಯವಾಗಿ ಬೇಕಾದದ್ದು ಅದಲ್ಲ. ಏಕೆಂದು ನೋಡೋಣ.

ಮೆಗಾಪಿಕ್ಸೆಲ್ ಎಂದರೇನು?

ಡಿಜಿಟಲ್ ಫೋಟೊ ಎಂದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ಸಾಲು. ಇಂಥ 10 ಲಕ್ಷ ಚುಕ್ಕೆಗಳು ಸೇರಿದರೆ 1 ಮೆಗಾಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ.

ನಮಗೆ ನಿಜವಾಗಿ ಬೇಕಾಗುವುದು ಎಷ್ಟು? 1080 × 2400 ಚುಕ್ಕೆಗಳ ಫೋನ್ ಪರದೆ ತೋರಿಸುವುದು ಸುಮಾರು 26 ಲಕ್ಷ ಚುಕ್ಕೆಗಳನ್ನು ಮಾತ್ರ. ಆಲ್ಬಮ್ಮಿಗೆ ಹಾಕುವ 4 × 6 ಇಂಚಿನ ಪ್ರಿಂಟನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು ಸುಮಾರು 22 ಲಕ್ಷ ಸಾಕು. ಗೋಡೆಗೆ ತೂಗುಹಾಕುವ 8 × 10 ಇಂಚಿನ ಫೋಟೊಗೂ 72 ಲಕ್ಷ ಸಾಕು. ಅಂದರೆ ಸಾಮಾನ್ಯ ಬಳಕೆಗೆ 12 ಮೆಗಾಪಿಕ್ಸೆಲ್ ಧಾರಾಳವಾಯಿತು. 2015ರಿಂದ ಹಲವು ವರ್ಷ ಐಫೋನಿನ ಮುಖ್ಯ ಕ್ಯಾಮೆರಾ ಇದ್ದದ್ದು 12 ಮೆಗಾಪಿಕ್ಸೆಲ್‌ನಲ್ಲೇ. ಆದರೂ ಆ ಕ್ಯಾಮೆರಾಗಳ ಗುಣಮಟ್ಟ ವರ್ಷದಿಂದ ವರ್ಷಕ್ಕೆ ಸುಧಾರಿಸಿತು.

108 ಮೆಗಾಪಿಕ್ಸೆಲ್ ಎಲ್ಲಿ ಹೋಗುತ್ತದೆ?

ಮಳೆ ಬರುವಾಗ ಅಂಗಳದಲ್ಲಿ ಒಂದು ಅಗಲವಾದ ಪಾತ್ರೆ ಇಟ್ಟಿದ್ದೀರಿ ಎಂದುಕೊಳ್ಳಿ. ಅದನ್ನು ತೆಗೆದು ಅಷ್ಟೇ ಜಾಗದಲ್ಲಿ ಒಂಬತ್ತು ಪುಟ್ಟ ಬಟ್ಟಲುಗಳನ್ನು ಒತ್ತೊತ್ತಾಗಿ ಇಟ್ಟರೆ ಹೆಚ್ಚು ನೀರು ಸಿಗುತ್ತದೆಯೇ? ಇಲ್ಲ. ಜಾಗ ಅಷ್ಟೇ, ಮಳೆಯೂ ಅಷ್ಟೇ. ಒಂದೊಂದು ಬಟ್ಟಲಿಗೆ ಬೀಳುವ ನೀರು ಮಾತ್ರ ಕಡಿಮೆ.

ಕ್ಯಾಮೆರಾದಲ್ಲಿ ಮಳೆಯ ಬದಲು ಬೆಳಕು, ಅಂಗಳದ ಬದಲು ಸೆನ್ಸರ್. ಫೋನಿನ ಸೆನ್ಸರ್ ಬಹಳ ಚಿಕ್ಕದು. ದೊಡ್ಡ ವೃತ್ತಿಪರ ಕ್ಯಾಮೆರಾಗಳ ‘ಫುಲ್ ಫ್ರೇಮ್’ ಸೆನ್ಸರ್ 36 × 24 ಮಿಲಿಮೀಟರ್ ಇದ್ದರೆ, ಫೋನಿನದು ಅದರ ಸಣ್ಣ ಭಾಗವಷ್ಟೇ. ಆ ಪುಟ್ಟ ಜಾಗದಲ್ಲಿ ಚುಕ್ಕೆಗಳನ್ನು ಹೆಚ್ಚಿಸಿದಷ್ಟೂ ಒಂದೊಂದಕ್ಕೆ ಸಿಗುವ ಬೆಳಕು ಕಡಿಮೆಯಾಗುತ್ತದೆ. ಅದಕ್ಕೇ 108 ಮೆಗಾಪಿಕ್ಸೆಲ್ ಫೋನ್‌ಗಳು ಸಾಮಾನ್ಯವಾಗಿ ಒಂಬತ್ತು ಚುಕ್ಕೆಗಳನ್ನು ಒಂದಾಗಿ ಸೇರಿಸಿ, ಕೊನೆಗೆ ನಮ್ಮ ಕೈಗೆ ಕೊಡುವುದು 12 ಮೆಗಾಪಿಕ್ಸೆಲ್ ಫೋಟೊವನ್ನೇ! ಒಳ್ಳೆಯ ಬಿಸಿಲಿನಲ್ಲಿ ಪೂರ್ತಿ 108ರಲ್ಲಿ ತೆಗೆದರೆ ಸೂಕ್ಷ್ಮ ವಿವರಗಳು ಹೆಚ್ಚು ಸಿಗಬಹುದು, ದೊಡ್ಡ ಪ್ರಿಂಟಿಗೆ ಅನುಕೂಲವಾಗಬಹುದು. ಮಬ್ಬು ಬೆಳಕಿನಲ್ಲಿ ಆ ಲಾಭ ಉಳಿಯುವುದಿಲ್ಲ.

ಹಾಗಾದರೆ ಮುಖ್ಯವಾದದ್ದು ಯಾವುದು?

ಬೆಳಕು. ಇದನ್ನು ನಂಬಲು ನಮ್ಮ ಮಾತು ಬೇಡ, ನೀವೇ ಪರೀಕ್ಷಿಸಿ. ಒಂದು ಸ್ಟೀಲ್ ಲೋಟ, ಒಂದು ಬಾಳೆಹಣ್ಣು ತೆಗೆದುಕೊಳ್ಳಿ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಒಂದು ಫೋಟೊ ತೆಗೆಯಿರಿ. ಮರುದಿನ ಬೆಳಿಗ್ಗೆ ಅವನ್ನೇ ಕಿಟಕಿಯ ಪಕ್ಕ ಇಟ್ಟು, ಬೆಳಕು ಒಂದು ಬದಿಯಿಂದ ಬೀಳುವಂತೆ ನೋಡಿಕೊಂಡು ಇನ್ನೊಂದು ತೆಗೆಯಿರಿ. ಅದೇ ಫೋನ್, ಅದೇ ಲೋಟ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಹಣ ಖರ್ಚಿಲ್ಲದೆ ಶುರು ಮಾಡುವುದು ಹೇಗೆ?

ಲೆನ್ಸ್ ಒರೆಸಿ: ಜೇಬು, ಬೆರಳು, ಅಡುಗೆಮನೆಯ ಜಿಡ್ಡು ಎಲ್ಲವೂ ಲೆನ್ಸಿಗೆ ಅಂಟುತ್ತವೆ. ದೀಪದ ಸುತ್ತ ಮಂಜು ಕವಿದಂತೆ ಕಾಣಲು ಎಷ್ಟೋ ಸಲ ಇದೇ ಕಾರಣ. ಮೆತ್ತಗಿನ ಹತ್ತಿ ಬಟ್ಟೆ ಸಾಕು.

ಮುಖಕ್ಕೆ ಬೆಳಕು ಬೀಳಲಿ: ಅಜ್ಜಿಯನ್ನು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಮುಖ ಕಪ್ಪಾಗುತ್ತದೆ. ಬಾಗಿಲಿನತ್ತ ತಿರುಗಿಸಿ ನಿಲ್ಲಿಸಿ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟರೆ ಫೋನ್ ಫೋಕಸನ್ನೂ ಬೆಳಕನ್ನೂ ಆ ಮುಖಕ್ಕೆ ಹೊಂದಿಸಿಕೊಳ್ಳುತ್ತದೆ.

ಕೈ ಅಲುಗದಿರಲಿ: ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕನ್ನು ಸಂಗ್ರಹಿಸಬೇಕಾಗುತ್ತದೆ. ಅಷ್ಟರಲ್ಲಿ ಕೈ ಅಲುಗಿದರೆ ಫೋಟೊ ಕಲಸಿಹೋಗುತ್ತದೆ. ಮೊಣಕೈಯನ್ನು ಮೈಗೆ ಒತ್ತಿ ಹಿಡಿಯಿರಿ, ಇಲ್ಲವೇ ಕಂಬಕ್ಕೆ ಒರಗಿ ನಿಲ್ಲಿ. ಓಡಾಡುವ ಮಕ್ಕಳ ಫೋಟೊಗೆ ಮಾತ್ರ ಇದು ಸಾಲದು. ಅವರನ್ನು ಬಯಲಿನ ಬೆಳಕಿಗೇ ಕರೆದುಕೊಂಡು ಹೋಗಬೇಕು.

ಜೂಮ್ ಬದಲು ನಾಲ್ಕು ಹೆಜ್ಜೆ ನಡೆಯಿರಿ: ಪ್ರತ್ಯೇಕ ಜೂಮ್ ಲೆನ್ಸ್ ಇಲ್ಲದ ಫೋನಿನಲ್ಲಿ ಬೆರಳು ಅಗಲಿಸಿ 2 ಪಟ್ಟು ಹಿಗ್ಗಿಸಿದರೆ ಉಳಿಯುವುದು ಚಿತ್ರದ ನಾಲ್ಕನೇ ಒಂದು ಭಾಗ ಮಾತ್ರ. ಉಳಿದದ್ದನ್ನು ಫೋನ್ ಕತ್ತರಿಸಿ ಎಸೆಯುತ್ತದೆ.

ದೂರಕ್ಕೆ ಫ್ಲಾಶ್ ಬೇಡ: 1 ಮೀಟರ್ ದೂರದಲ್ಲಿ ಬೀಳುವ ಫ್ಲಾಶ್ ಬೆಳಕು 3 ಮೀಟರಿಗೆ ಹೋಗುವಷ್ಟರಲ್ಲಿ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಿಂದ ಫ್ಲಾಶ್ ಹಾಕಿದರೆ ಬೆಳಗುವುದು ಮುಂದೆ ಕೂತವರ ತಲೆ, ವೇದಿಕೆಯಲ್ಲ.

ಇಷ್ಟನ್ನು ಒಂದು ತಿಂಗಳು ಅಭ್ಯಾಸ ಮಾಡಿ. ಆಮೇಲೂ ದೂರದ ಹಕ್ಕಿ, ಕಬಡ್ಡಿ ಆಟದಂಥದ್ದನ್ನು ತೆಗೆಯಲು ಫೋನ್ ಸಾಲುತ್ತಿಲ್ಲ ಎನಿಸಿದರೆ ಆಗ ಕ್ಯಾಮೆರಾ ಕೊಳ್ಳುವುದಕ್ಕೆ ಅರ್ಥವಿದೆ. ಅಲ್ಲೂ ಮೆಗಾಪಿಕ್ಸೆಲ್‌ಗಿಂತ ಸೆನ್ಸರ್ ಗಾತ್ರವನ್ನೂ ಯಾವ ಲೆನ್ಸ್ ಸಿಗುತ್ತದೆ ಎಂಬುದನ್ನೂ ವಿಚಾರಿಸಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತಮುತ್ತ ಹಕ್ಕಿಗಳ ಚಿತ್ರ ತೆಗೆಯಲು ಶುರು ಮಾಡಿದ್ದು ಫಿಲ್ಮ್ ಕಾಲದಲ್ಲಿ. ಆಗಿನ ಒಂದು ರೋಲಿನಲ್ಲಿ ಸಿಗುತ್ತಿದ್ದದ್ದು 36 ಚಿತ್ರ. ಪ್ರತಿ ಸಲವೂ ಬೆಳಕು ನೋಡಿ, ಕಾದು, ಆಮೇಲೆ ಗುಂಡಿ ಒತ್ತಬೇಕಿತ್ತು. ಆ ಅಭ್ಯಾಸ ಈಗಲೂ ಒಳ್ಳೆಯದೇ.

ಕೊನೆಗೊಂದು ಎಚ್ಚರಿಕೆ: ಮೂಲ ಫೋಟೊ ಅಳಿಸಬೇಡಿ

ಮನೆಯ ಹಿರಿಯರು ತೀರಿಕೊಂಡಾಗ ಫ್ರೇಮ್ ಹಾಕಿಸಲು ಒಂದು ಒಳ್ಳೆಯ ಫೋಟೊ ಹುಡುಕುತ್ತೇವೆ. ಎಲ್ಲರ ಬಳಿ ಇರುವುದು ಮದುವೆಯ ದಿನ ಗುಂಪಿಗೆ ಹಾಕಿದ್ದ ಪ್ರತಿ. ಸ್ಟುಡಿಯೋದವರು ಅದನ್ನು ದೊಡ್ಡದು ಮಾಡಿದರೆ ಮುಖ ಒಡೆದುಹೋಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದಾಗ ಅದರ ಗಾತ್ರವನ್ನು ಕುಗ್ಗಿಸಲಾಗುತ್ತದೆ. ಎಚ್‌ಡಿ ಆಯ್ಕೆ ಮಾಡಿದರೆ ಸ್ಪಷ್ಟತೆ ಹೆಚ್ಚು, ಆದರೂ ಮೂಲದಷ್ಟಲ್ಲ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಫೋಟೊ ಹಾಗೇ ಹೋಗುತ್ತದೆ. ಗುಂಪಿನಲ್ಲಿ ಹೇಗೂ ಇದೆಯಲ್ಲ ಎಂದು ಫೋನಿನಲ್ಲಿದ್ದದ್ದನ್ನು ಅಳಿಸಿದರೆ, 12 ಇರಲಿ 108 ಇರಲಿ, ಆ ಚುಕ್ಕೆಗಳು ಮತ್ತೆ ಬರುವುದಿಲ್ಲ.

ಆದ್ದರಿಂದ ಹೊಸ ಫೋನಿನ ಕಂತಿಗೆ ಸಹಿ ಹಾಕುವ ಮೊದಲು ನಾಳೆ ಬೆಳಿಗ್ಗೆ ಅಪ್ಪನನ್ನೋ ಅಜ್ಜಿಯನ್ನೋ ಕಿಟಕಿಯ ಪಕ್ಕ ಕೂರಿಸಿ, ಲೆನ್ಸ್ ಒರೆಸಿ, ಒಂದು ಫೋಟೊ ತೆಗೆಯಿರಿ. ಮೂಲವನ್ನು ಇನ್ನೊಂದು ಕಡೆಯೂ ಉಳಿಸಿಡಿ. ಫೋಟೊಗ್ರಫಿಯ ಮೊದಲ ಪಾಠ ಅಲ್ಲಿಗೆ ಮುಗಿಯಿತು.