ಅರ್ಧ ನಗುವಿನ ಆ ದಿನಗಳು

2020ರ ಜನವರಿ ಮೊದಲ ವಾರದ ಒಂದು ಬೆಳಿಗ್ಗೆ. ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹೋದರೆ ನೀರು ತುಟಿಯ ಎಡಗಡೆಯಿಂದ ತಾನಾಗಿ ಸುರಿದುಹೋಯಿತು. ಕನ್ನಡಿಯಲ್ಲಿ ನೋಡಿಕೊಂಡೆ. ಮುಖದ ಬಲಭಾಗ ಗಾಬರಿಗೊಂಡಿತ್ತು. ಎಡಭಾಗ ಏನೂ ಆಗಿಲ್ಲವೆಂಬಂತೆ ನಿಶ್ಚಲವಾಗಿತ್ತು. ಕಣ್ಣು ಮುಚ್ಚಲು ಯತ್ನಿಸಿದರೆ ಎಡಗಣ್ಣಿನ ರೆಪ್ಪೆ ಇಳಿಯಲೊಲ್ಲದು. ಹಿಂದಿನ ಸಂಜೆಯಿಂದಲೇ ಎಡಕಿವಿಯ ಹಿಂದೆ ಸಣ್ಣ ನೋವಿತ್ತು. ಚಳಿಗೆ ಇರಬೇಕೆಂದು ಸುಮ್ಮನಾಗಿದ್ದೆ. ಆಗ ನನಗೆ ಎಂಟು ತಿಂಗಳು. ಹೊಟ್ಟೆಯೊಳಗೆ ಮಗು ಎಂದಿನಂತೆ ಒದೆಯುತ್ತಿತ್ತು. ಆ ಗಳಿಗೆಯಲ್ಲಿ ನನಗಿದ್ದ ಧೈರ್ಯ ಅದೊಂದೇ.

ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ‘ಏನಾಯಿತು?’ ಎಂಬುದಲ್ಲ, ‘ಏನು ಮಾಡಿದೆ?’ ಎಂಬುದು. ‘ಗ್ರಹಣದ ದಿನ ಹೊರಗೇನಾದರೂ ಬಂದಿದ್ದೆಯೇನಮ್ಮಾ?’ ಎಂದರು ಅತ್ತೆ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಗಿತ್ತು. ಮಂಗಳೂರು, ಮಡಿಕೇರಿಗಳಲ್ಲಿ ಜನ ಸೂರ್ಯನ ಬಳೆಯನ್ನು ನೋಡಲು ಮೈದಾನಗಳಲ್ಲಿ ಸೇರಿದ್ದರು. ನಾನು ಮಾತ್ರ ಅತ್ತೆಯವರ ಮಾತಿಗೆ ಎದುರಾಡದೆ, ಬೆಂಗಳೂರಿನ ನಮ್ಮ ಮನೆಯ ಕೋಣೆಯಲ್ಲಿ ಪರದೆ ಎಳೆದುಕೊಂಡು, ಮೂರು ಗಂಟೆ ನೀರನ್ನೂ ಮುಟ್ಟದೆ ಕುಳಿತಿದ್ದೆ. ಹೇಳಿದ್ದನ್ನೆಲ್ಲ ಪಾಲಿಸಿದವಳನ್ನೂ ಆ ಪ್ರಶ್ನೆ ಬಿಡಲಿಲ್ಲ. ಸಾಗರದಿಂದ ಅಮ್ಮ ಫೋನಿನಲ್ಲಿ, ‘ಗಾಳಿ ಬಡಿದಿರಬೇಕು, ಕಿಟಕಿ ತೆರೆದಿಟ್ಟು ಮಲಗಿದ್ದೆಯಾ?’ ಎಂದಳು. ಮೇಲಿನ ಮನೆಯವರು ಲಕ್ವಕ್ಕೆ ಔಷಧ ಕೊಡುವವರೊಬ್ಬರ ವಿಳಾಸ ಬರೆದುಕೊಟ್ಟರು. ನನ್ನ ಪತಿಗೆ ಮಾತ್ರ ಹೆದರಿಕೆ, ಇದು ಮಿದುಳಿನ ಪಾರ್ಶ್ವವಾಯು ಆಗಿದ್ದರೆ ಎಂದು.

ಹತ್ತಿರದ ಚಿಕಿತ್ಸಾಲಯದ ವೈದ್ಯರು ನನ್ನ ಹೊಟ್ಟೆಯತ್ತ ನೋಡಿ, ‘ಗರ್ಭಿಣಿಗೆ ಇದಕ್ಕೆಲ್ಲ ಔಷಧ ಕೊಡುವಂತಿಲ್ಲ, ಹೆರಿಗೆಯಾದ ಮೇಲೆ ತಾನೇ ಸರಿಹೋಗುತ್ತದೆ’ ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಕೇಳಿ ಮನಸ್ಸಿಗೆ ಸಮಾಧಾನವೂ ಆಯಿತು. ಆ ಸಮಾಧಾನದಲ್ಲಿ ಒಂದೂವರೆ ದಿನ ಕಳೆದುಹೋಯಿತು. ಮರುದಿನ ಸಂಜೆ ನನ್ನ ಹೆರಿಗೆ ವೈದ್ಯೆಗೆ ವಿಷಯ ತಿಳಿದಾಗ ಅವರು ಗದರಿದರು. ಅಂದೇ ನರರೋಗ ತಜ್ಞರ ಬಳಿಗೆ ಕಳುಹಿಸಿದರು.

ತಜ್ಞರು ಮೊದಲು ಹೇಳಿದ್ದು, ‘ಹುಬ್ಬು ಎತ್ತಿ ನೋಡೋಣ’ ಎಂದು. ಬಲಹಣೆಯಲ್ಲಿ ಗೆರೆಗಳು ಮೂಡಿದವು. ಎಡಹಣೆ ನುಣುಪಾಗಿಯೇ ಉಳಿಯಿತು. ಅವರ ಮುಖ ತುಸು ಸಡಿಲಾಯಿತು. ಮಿದುಳಿನ ಆಘಾತದಲ್ಲಿ ಸಾಮಾನ್ಯವಾಗಿ ಬಾಯಿ ಸೊಟ್ಟಗಾದರೂ ಹಣೆ ಸುಕ್ಕುಗಟ್ಟುತ್ತದೆ, ಏಕೆಂದರೆ ಹಣೆಗೆ ಮಿದುಳಿನ ಎರಡೂ ಪಾರ್ಶ್ವಗಳಿಂದ ಆಜ್ಞೆ ಬರುತ್ತದೆ. ಹಣೆಯೂ ಸೇರಿ ಮುಖದ ಅರ್ಧಭಾಗವೆಲ್ಲ ನಿಶ್ಚಲವಾಗಿದ್ದು, ಕೈಕಾಲು ಸ್ವಾಧೀನದಲ್ಲಿದ್ದರೆ ತೊಂದರೆ ಹೆಚ್ಚಾಗಿ ಮುಖದ ನರದಲ್ಲೇ ಇರುತ್ತದೆ. ಇದನ್ನು ವೈದ್ಯರೇ ನಿರ್ಧರಿಸಬೇಕು. ಮನೆಯಲ್ಲಿ ಕುಳಿತು ತೀರ್ಮಾನಿಸುವ ವಿಷಯವಲ್ಲ.

ಇದರ ಹೆಸರು ಬೆಲ್ಸ್ ಪಾಲ್ಸಿ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ (1774–1842) ಮುಖದ ನರವನ್ನು ಕುರಿತು ನಡೆಸಿದ ಅಧ್ಯಯನದಿಂದ ಬಂದ ಹೆಸರು. ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ಕಪಾಲ ನರ ಕಿವಿಯ ಹಿಂದಿನ ಮೂಳೆಯಲ್ಲಿರುವ ಕಿರಿದಾದ ಕಾಲುವೆಯ ಮೂಲಕ ಹಾದುಬರುತ್ತದೆ. ನರ ಊದಿಕೊಂಡರೆ ಅಲ್ಲಿ ಹಿಗ್ಗಲು ಜಾಗವಿಲ್ಲ. ಒತ್ತಡಕ್ಕೆ ಸಿಕ್ಕಿ ಸುಮ್ಮನಾಗಿಬಿಡುತ್ತದೆ. ಸುಪ್ತವಾಗಿದ್ದ ವೈರಸ್ ಮರುಕಳಿಸುವುದು ಕಾರಣವಿರಬಹುದೆಂಬ ಅಭಿಪ್ರಾಯವಿದೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 15ರಿಂದ 30 ಮಂದಿಗೆ ಇದು ಬರುತ್ತದೆ. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳು ಮತ್ತು ಹೆರಿಗೆಯ ನಂತರದ ಮೊದಲ ವಾರದಲ್ಲಿ, ಇದರ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದು ಹೇಳುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಮುಂದಿನದು ನಿಜವಾದ ಇಕ್ಕಟ್ಟು. ಊತ ಇಳಿಸುವ ಸ್ಟೀರಾಯ್ಡ್ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿದರೆ ಚೇತರಿಕೆ ಉತ್ತಮ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದರಲ್ಲಿ ಪ್ರೆಡ್ನಿಸೊಲೋನ್ ಪಡೆದವರಲ್ಲಿ ಶೇ 94ರಷ್ಟು ಮಂದಿ ಒಂಬತ್ತು ತಿಂಗಳಲ್ಲಿ ಪೂರ್ಣ ಗುಣಮುಖರಾಗಿದ್ದರು. ಪಡೆಯದವರಲ್ಲಿ ಶೇ 82ರಷ್ಟು. ಆದರೆ ಆ ಅಧ್ಯಯನದಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ನನ್ನಂಥವಳ ವಿಷಯದಲ್ಲಿ ವೈದ್ಯರು ಲಾಭನಷ್ಟ ತೂಗಿ ನಿರ್ಧರಿಸಬೇಕು. ಈ ಔಷಧದ ಬಹುಪಾಲನ್ನು ಮಾಸು ಮಗುವಿಗೆ ತಲುಪದಂತೆ ತಡೆಯುತ್ತದೆಂದು ತಜ್ಞರು ವಿವರಿಸಿದರು. ನನ್ನೆದುರಿನಲ್ಲೇ ಹೆರಿಗೆ ವೈದ್ಯೆಯೊಡನೆ ಫೋನಿನಲ್ಲಿ ಮಾತಾಡಿದರು. ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿದರು. ಗರ್ಭಿಣಿಯಲ್ಲಿ ಈ ತೊಂದರೆ ಕಂಡರೆ ರಕ್ತದೊತ್ತಡವನ್ನು ನೋಡಲೇಬೇಕಂತೆ, ಏಕೆಂದರೆ ಎರಡಕ್ಕೂ ನಂಟಿರುವುದನ್ನು ಕೆಲವು ಅಧ್ಯಯನಗಳು ತೋರಿಸಿವೆ. ಬಳಿಕ, ‘ತೆಗೆದುಕೊಳ್ಳುತ್ತೀರಾ?’ ಎಂದು ನನ್ನನ್ನೇ ಕೇಳಿದರು. ಎರಡು ದಿನಗಳಲ್ಲಿ ನನ್ನ ಅಭಿಪ್ರಾಯ ಕೇಳಿದ ಮೊದಲಿಗರು ಅವರು. ಮೊದಲ ಮಾತ್ರೆ ನುಂಗಿದಾಗ ಅರವತ್ತು ಗಂಟೆ ಕಳೆದಿತ್ತು. ಆ ರಾತ್ರಿ ಮಗು ಪ್ರತಿಬಾರಿ ಒದೆದಾಗಲೂ ಲೆಕ್ಕವಿಟ್ಟೆ.

ನಂತರದ ದಿನಗಳು ಸಣ್ಣ ಸಣ್ಣ ಅವಮಾನಗಳ ದಿನಗಳು. ತಿಳಿಸಾರು ಗಲ್ಲದ ಮೇಲೆ ಇಳಿಯುತ್ತಿತ್ತು. ನಾಲಿಗೆಯ ಎಡಭಾಗಕ್ಕೆ ಉಪ್ಪು ಹುಳಿ ತಿಳಿಯುತ್ತಿರಲಿಲ್ಲ. ಕುಕ್ಕರಿನ ಸೀಟಿ ಎಡಕಿವಿಗೆ ರೈಲಿನ ಕೂಗಿನಂತೆ ಕೇಳುತ್ತಿತ್ತು. ನಾನು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಪ, ಫ, ಬ, ಭ, ಮ ಇವು ತುಟಿಗಳಿಂದ ಹುಟ್ಟುವ ಓಷ್ಠ್ಯ ವರ್ಣಗಳೆಂದು ವರ್ಷಾನುಗಟ್ಟಲೆ ಪಾಠ ಮಾಡಿದ್ದೆ. ರಜೆಗೆ ಮುಂಚಿನ ಕೊನೆಯ ತರಗತಿಯಲ್ಲಿ ‘ಪಂಪ’ ಎಂಬ ಹೆಸರೇ ನನ್ನ ಬಾಯಿಂದ ಗಾಳಿಯಾಗಿ ಸೋರಿಹೋಯಿತು. ಯಾರೂ ನಗಲಿಲ್ಲ. ಆ ಮೌನವನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು.

ಎಲ್ಲಕ್ಕಿಂತ ಹೆಚ್ಚಿನ ಕಾಳಜಿ ಬೇಕಾದದ್ದು ಕಣ್ಣಿಗೆ. ಮುಚ್ಚದ ಕಣ್ಣು ಒಣಗಿ ಕಾರ್ನಿಯಾಕ್ಕೆ ಗಾಯವಾದರೆ, ತಾತ್ಕಾಲಿಕವಾದ ಕಾಯಿಲೆಯೇ ಶಾಶ್ವತ ಹಾನಿಯನ್ನುಂಟುಮಾಡಬಹುದು. ಹಗಲೆಲ್ಲ ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಯನ್ನು ಮುಚ್ಚಿ ಪಟ್ಟಿ ಅಂಟಿಸುವುದು. ಈ ಕೆಲಸವನ್ನು ವಹಿಸಿಕೊಂಡವರು, ಗ್ರಹಣದ ಪ್ರಶ್ನೆ ಕೇಳಿದ್ದ ಅತ್ತೆಯವರೇ. ಪ್ರತಿರಾತ್ರಿ ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು, ರೆಪ್ಪೆಗೂದಲು ಸಿಕ್ಕದಂತೆ ಪಟ್ಟಿ ಹಚ್ಚುತ್ತಿದ್ದರು. ಅವರ ಪ್ರಶ್ನೆಯಲ್ಲಿ ಕೇಡೆಣಿಕೆ ಇರಲಿಲ್ಲ, ಇದ್ದದ್ದು ಭಯ. ಕಾರಣ ಗೊತ್ತಿಲ್ಲದ ಭಯಕ್ಕೆ ಒಬ್ಬ ತಪ್ಪಿತಸ್ಥರು ಬೇಕಾಗುತ್ತಾರೆ. ನಮ್ಮ ಮನೆಗಳಲ್ಲಿ ಆ ಜಾಗದಲ್ಲಿ ಗರ್ಭಿಣಿ ಯಾವಾಗಲೂ ಸುಲಭವಾಗಿ ಸಿಗುತ್ತಾಳೆ.

ಸಂಕ್ರಾಂತಿ ಕಳೆದ ಮೇಲೆ ಬಳೆ ತೊಡಿಸುವ ಶಾಸ್ತ್ರ ನಿಶ್ಚಯವಾಗಿತ್ತು. ಫೋಟೊದವರಿಗೆ ಮುಂಗಡವನ್ನೂ ಕೊಟ್ಟಿದ್ದೆವು. ಮುಂದೂಡೋಣವೆಂದವರು ಕೆಲವರು, ‘ನಗಬೇಡ, ಬಾಯಿ ಮುಚ್ಚಿಕೊಂಡಿದ್ದರೆ ಗೊತ್ತಾಗುವುದಿಲ್ಲ’ ಎಂದು ಪ್ರೀತಿಯಿಂದಲೇ ಸಲಹೆಯಿತ್ತವರು ಕೆಲವರು. ಬಸುರಿಯ ಮುಖದಲ್ಲಿ ಕಳೆ ಇರಬೇಕು, ನಗು ಇರಬೇಕು ಎಂಬುದು ನಮ್ಮ ಸಮಾಜದ ಅಲಿಖಿತ ನಿಯಮ. ಬಂದವರೆಲ್ಲ ಅದನ್ನು ನೋಡಲೆಂದೇ ಬರುತ್ತಾರೆ. ಶಾಸ್ತ್ರ ಹೇಳಿದ ದಿನವೇ ನಡೆಯಿತು. ಹಸಿರು ಸೀರೆ, ಹಸಿರು ಬಳೆ. ಯಾರೋ ಏನೋ ತಮಾಷೆ ಮಾಡಿದಾಗ ಮರೆತು ನಕ್ಕುಬಿಟ್ಟೆ. ಅರ್ಧ ಮುಖದ ಆ ನಗು ಫೋಟೊದಲ್ಲಿ ಸಿಕ್ಕಿದೆ. ಬಹಳ ದಿನ ಅದನ್ನು ತೆಗೆದು ನೋಡುವ ಮನಸ್ಸಾಗಿರಲಿಲ್ಲ.

ಫೆಬ್ರವರಿಯ ನಡುವಿನಲ್ಲಿ ಮಗಳು ಹುಟ್ಟಿದಳು, ಆರೋಗ್ಯವಾಗಿ. ಹೊತ್ತಿಗೆ ಎಡರೆಪ್ಪೆ ಅರ್ಧ ಇಳಿಯುತ್ತಿತ್ತು. ತುಟಿಯ ಅಂಚು ಮಾತ್ರ ಕದಲುತ್ತಿರಲಿಲ್ಲ. ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಭೌತಚಿಕಿತ್ಸೆಗೆ ಹೋಗುವುದು ನಿಂತಿತು. ಕನ್ನಡಿಯ ಮುಂದೆ ಕುಳಿತು, ಅವರು ಹೇಳಿಕೊಟ್ಟಿದ್ದಂತೆ ಹುಬ್ಬು ಎತ್ತುವುದು, ತುಟಿ ಕೂಡಿಸುವುದು, ಅ ಇ ಉ ಎ ಒ ಎನ್ನುವುದು. ಬೀದಿಯಲ್ಲಿ ಎಲ್ಲರ ಬಾಯಿಗೂ ಮುಖಗವಸು ಬಂದಿತ್ತು. ಇನ್ನು ನನ್ನ ಮುಖವನ್ನು ನೋಡಿ ಕೇಳುವವರಿರಲಿಲ್ಲ. ಆದರೆ ನನ್ನ ಚಿಂತೆ ಒಬ್ಬಳದ್ದೇ ಆಗಿತ್ತು. ಮಗು ಆರೆಂಟು ವಾರಕ್ಕೆ ಮುಖ ನೋಡಿ ನಗತೊಡಗುತ್ತದೆ. ನನ್ನ ಸೊಟ್ಟ ನಗುವಿಗೆ ಇವಳು ಮರುನಗೆ ಕೊಟ್ಟಾಳೆಯೇ? ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ, ಹಾಲು ಕುಡಿದು ಮುಗಿಸಿ ತಲೆಯೆತ್ತಿದವಳು ನನ್ನನ್ನೇ ದಿಟ್ಟಿಸಿ ನೋಡಿ, ಬಾಯಗಲಿಸಿ ನಕ್ಕಳು. ಅರ್ಧ, ಪೂರ್ತಿ ಎಂಬ ಲೆಕ್ಕ ಅವಳಿಗಿರಲಿಲ್ಲ.

ಮೇ ತಿಂಗಳ ಹೊತ್ತಿಗೆ ಮುಖ ಬಹುತೇಕ ಮರಳಿತು. ಈಗಲೂ ಜೋರಾಗಿ ನಕ್ಕರೆ ಎಡಗಣ್ಣು ತುಸು ಮುಚ್ಚಿಕೊಳ್ಳುತ್ತದೆ. ಮತ್ತೆ ಬೆಳೆದ ನರದ ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯುವಿಗೆ ಸೇರಿದ್ದರ ಗುರುತು ಅದು. ಎಲ್ಲರಿಗೂ ಇಷ್ಟು ಬೇಗ ಗುಣವಾಗುವುದಿಲ್ಲ. ಅವಳಿಮಕ್ಕಳನ್ನು ಹೆತ್ತ ಬಳಿಕ ಇದೇ ತೊಂದರೆಗೆ ಒಳಗಾದ ಅಮೆರಿಕದ ನಾಟಕಕಾರ್ತಿ ಸಾರಾ ರೂಲ್, ವರ್ಷಗಳೇ ಹಿಡಿದ ತಮ್ಮ ಅಪೂರ್ಣ ಚೇತರಿಕೆಯ ಕಥೆಯನ್ನು 2021ರ ‘ಸ್ಮೈಲ್’ ಪುಸ್ತಕದಲ್ಲಿ ಬರೆದಿದ್ದಾರೆ. ‘ತಾನೇ ಸರಿಹೋಗುತ್ತದೆ’ ಎಂಬ ಮಾತು ಬಹುಮಂದಿಯ ಪಾಲಿಗೆ ನಿಜವಾದರೂ, ಕಾದು ಕೂರಲು ಅದು ನೆಪವಾಗಬಾರದು.

ಇದನ್ನು ಬರೆಯಲು ಕಾರಣವಿದೆ. ಇತ್ತೀಚೆಗೆ ಸಹೋದ್ಯೋಗಿಯೊಬ್ಬರ ಸೊಸೆಗೆ ಏಳನೇ ತಿಂಗಳಲ್ಲಿ ಹೀಗೇ ಆಯಿತು. ‘ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳಂತೆ’ ಎಂದು ಅವರು ಹೇಳತೊಡಗಿದರು. ಅದು ಆಮೇಲೆ ಮಾತಾಡಬಹುದಾದ ವಿಷಯ, ಮೊದಲು ಇಂದೇ ನರರೋಗ ತಜ್ಞರಿಗೆ ತೋರಿಸಿ, ರಕ್ತದೊತ್ತಡ ನೋಡಿಸಿ, ಕಣ್ಣನ್ನು ಕಾಪಾಡಿ ಎಂದೆ. ಆ ಹುಡುಗಿಗೆ ನನ್ನ ಬಳೆಶಾಸ್ತ್ರದ ಫೋಟೊ ಕಳುಹಿಸಿದೆ. ‘ಮೇಡಂ, ನೀವು ನಗ್ತಾ ಇದ್ದೀರಿ’ ಎಂದು ಉತ್ತರ ಬಂತು.